ಓರಗಿತ್ತಿಯ ಮನೆಗೆ ಬೀಗ

ಭಾನುವಾರ, ಜೂನ್ ೨

ಚರ್ಚಿನಲ್ಲಿ ಆರಾಧನೆಯ ನಡುವೆ ಎದ್ದು ಹೋದೆನಲ್ಲ, ಜನ ಏನಂದುಕೊಂಡರೋ. ಅಂದುಕೊಳ್ಳಲಿ ಬಿಡು.

ಕರ್ತನ ಭೋಜನದ ರೊಟ್ಟಿ ಹಂಚುವ ಮುಂಚೆ ಪಾಸ್ಟರ್ ಪ್ರತಿ ತಿಂಗಳೂ ಹೇಳುತ್ತಾರೆ: "ಯಾರ ಮೇಲಾದ್ರೂ ಮುನಿಸಿದ್ರೆ ಮೊದಲು ಹೋಗಿ ಸಮಾಧಾನ ಮಾಡ್ಕೊಳ್ಳಿ." ಪ್ರತಿ ತಿಂಗಳೂ ಕೇಳದವಳಂತೆ ರೊಟ್ಟಿಗೆ ಕೈ ಚಾಚುತ್ತಿದ್ದೆ. ಇವತ್ತು ಕೈ ಮೇಲೇಳಲಿಲ್ಲ. ಅತ್ತೆಯ ಹೊಲಿಗೆ ಮೆಷಿನ್ ನಾನಿಟ್ಟುಕೊಂಡೆನೆಂದು ಓರಗಿತ್ತಿ ನನ್ನೊಡನೆ ಮಾತು ಬಿಟ್ಟು ಮೂರು ವರ್ಷ. ನಮ್ಮ ಸಭೆಯನ್ನೂ ಬಿಟ್ಟು ಬೇರೆ ಸಭೆಗೆ ಹೋಗುತ್ತಾಳೆ.

ಎರಡು ಬೀದಿ ಓಡುನಡಿಗೆಯಲ್ಲಿ ಹೋದರೆ ಅವಳ ಮನೆಗೆ ಬೀಗ! ಭಾನುವಾರ ಅವಳೂ ಆರಾಧನೆಗೆ ಹೋಗಿರುತ್ತಾಳೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಪೆಚ್ಚಾಗಿ ಹಿಂತಿರುಗಿದೆ. ನೋಡಿದರೆ ನಮ್ಮ ಸಭೆಯ ಗೇಟಿನಲ್ಲಿ ಅವಳೇ ಏದುಸಿರು ಬಿಡುತ್ತಾ ನಿಂತಿದ್ದಾಳೆ.

"ನಮ್ಮ ಪಾಸ್ಟರೂ ಇವತ್ತು ಮೊದಲು ಸಮಾಧಾನ ಮಾಡ್ಕೊಳ್ಳಿ ಅಂದ್ರು ಅಕ್ಕಾ. ಎದ್ದು ಬಂದ್ಬಿಟ್ಟೆ."

"ಮೆಷಿನ್ ನಾಳೆನೇ ಕಳಿಸ್ತೀನಿ ಕಣೇ."

"ಅಯ್ಯೋ ಬೇಡ! ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

ಇಬ್ಬರೂ ಅಳುತ್ತಲೇ ನಕ್ಕೆವು. ಒಳಗೆ ಕಡೆಯ ಬೆಂಚಿನಲ್ಲಿ ಒತ್ತಿಕೊಂಡು ಕೂತೆವು. ಪಾಸ್ಟರ್ ಏನೂ ಕೇಳದೆ ತಟ್ಟೆ ತಂದು ಹಿಡಿದರು. ಅದೇ ರೊಟ್ಟಿಯ ಚೂರು, ಆದರೆ ನುಂಗಲು ಇಷ್ಟು ಹಗುರ ಯಾವತ್ತೂ ಇರಲಿಲ್ಲ.

ಮೂರು ವರ್ಷದಿಂದ ಇದೇ ಹಾಸಿಗೆಯ ಪಕ್ಕ ಮೊಣಕಾಲೂರಿ "ಕರ್ತನೇ, ಅವಳಿಗೆ ಬುದ್ಧಿ ಕೊಡು" ಎಂದು ಬೇಡುತ್ತಿದ್ದೆ. ಇವತ್ತು ಕೇಳಿದರೆ, ಅವಳೂ ನನಗಾಗಿ ಅದನ್ನೇ ಬೇಡುತ್ತಿದ್ದಳಂತೆ. ಪುಣ್ಯಾತ್ಮ, ಇಬ್ಬರ ಮಾತನ್ನೂ ನಡೆಸಿಕೊಟ್ಟಿದ್ದಾನೆ. ಈಗ ಮೊಣಕಾಲೂರಿದರೆ ಏನು ಕೇಳಲಿ? ಬರೀ ನಗು ಬರುತ್ತಿದೆ.