ಸೋಲಲೂಬಹುದು ಎಂದು ಬರೆದವಳು

ಮಾರ್ಚ್ ೨೭, ಗುರುವಾರ

ಮೈ ಇನ್ನೂ ಜುಮ್ಮೆನ್ನುತ್ತಿದೆ. ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಈ ವರ್ಷದ ಸಂಶೋಧನಾ ನಿಧಿಯೂ ಖರ್ಚಾಗದೆ ಸರ್ಕಾರಕ್ಕೆ ವಾಪಸು ಹೋಗುವುದರಲ್ಲಿತ್ತು. ಹೊಸದನ್ನು ಹುಡುಕಿ ಎಂದೇ ಕೊಟ್ಟ ಹಣ. ಆದರೆ ಬೇಕೆನ್ನುವವರು ‘ಯಶಸ್ಸು ಖಚಿತ’ ಎಂದು ಮೊದಲೇ ಬರೆದುಕೊಡಬೇಕು. ಉಪ್ಪಿನಿಂದ ಬ್ಯಾಟರಿ ಮಾಡಲು ಹೊರಟಿರುವ ಹುಡುಗಿ ಮಾತ್ರ ‘ಪ್ರಯೋಗ ಸೋಲಲೂಬಹುದು’ ಎಂದು ಬರೆದಿದ್ದಳು. ಅದೊಂದೇ ಮಾತಿಗೆ ಅವಳ ಕಡತ ಮತ್ತೆ ಮತ್ತೆ ಹಿಂದಕ್ಕೆ ಹೋಗಿತ್ತು. ಈ ಸಲವೂ ಹೋಗಿದ್ದರೆ ಅವಳು ಪ್ರಯೋಗಾಲಯಕ್ಕೆ ಬೀಗ ಹಾಕಬೇಕಿತ್ತು.

ನಮ್ಮ ಇಲಾಖೆಯ ನಿರ್ದೇಶಕರು ಇವತ್ತೂ ಅವಳ ಕಡತವನ್ನು, ಅರ್ಜಿಗಳನ್ನು ಪರಿಶೀಲಿಸುವ ನನ್ನ ಕಡೆ ತಳ್ಳಿದರು. “ಸುಮ್ನೆ ಖಚಿತ ಅಂತ ಬರ್ಕೊಡೋಕೆ ಹೇಳಿ ಮೇಡಂ, ಮುಗೀತು.”

“ಹೇಳ್ದೆ ಸರ್. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಗೆ ಬರೀಲಿ ಅಂತಾಳೆ.”

“ಹಣ ವಾಪಸು ಹೋದ್ರೆ ಯಾರೂ ಕೇಳಲ್ಲ. ಸೋತ್ರೆ ಯಾರ ತಲೆ ಮೇಲೆ ಬರುತ್ತೆ?”

“ನನ್ನ ತಲೆ ಮೇಲೇ ಬರ್ಲಿ ಸರ್, ಹೇಗೂ ನರೆತಿದೆ.”

ಅವರು ನಕ್ಕುಬಿಟ್ಟರು. ಆ ನಗು ಆರುವ ಮೊದಲೇ ‘ಸೋಲಬಹುದೆಂದು ತಿಳಿದೇ ಶಿಫಾರಸು ಮಾಡಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ಅವರು ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು, ಕೆಳಗೆ ತಾವೂ ಸಹಿ ಹಾಕಿದರು!

ಫೋನಿನಲ್ಲಿ ತಿಳಿಸಿದಾಗ ಹುಡುಗಿ “ಮಂಜೂರಾಯ್ತಾ?” ಎಂದು ಎರಡು ಸಲ ಕೇಳಿದಳು. ಆಮೇಲೆ ಮೆಲ್ಲಗೆ, “ಆದ್ರೆ ಮೇಡಂ, ನಿಜವಾಗ್ಲೂ ಸೋಲಬಹುದು” ಎಂದಳು.

“ಗೊತ್ತಮ್ಮ, ನೀನು ಶುರು ಮಾಡು” ಎಂದೆ.

ಇಷ್ಟು ವರ್ಷ ರಾತ್ರಿ ಮಲಗುವ ಮುನ್ನ ಬೇರೆಯವರ ಕವಿತೆ ಓದಿಕೊಂಡೇ ಬಂದವಳು ನಾನು. ಕಡತದ ಮೇಲಾದರೂ ನನ್ನದೇ ಒಂದು ಸಾಲು ಬರೆದರೆ ಎದೆ ಹೀಗೆ ಹೊಡೆದುಕೊಳ್ಳುತ್ತದೆಂದು ಇವತ್ತೇ ಗೊತ್ತಾಯಿತು. ಪಕ್ಕದಲ್ಲಿ ಇವರು “ದೀಪ ಆರಿಸೇ, ಸಾಕು” ಎನ್ನುತ್ತಿದ್ದಾರೆ. ಆರಿಸಿದರೂ ಇವತ್ತು ನನಗೆ ನಿದ್ದೆ ಬರುವುದಿಲ್ಲ.