ಬದುವಿನ ಸಾಲಿನ ಸೊಪ್ಪು

ದೇವರಾಯಸಮುದ್ರ,
17-8-1983, ಬುಧವಾರ

ಮಗಳು ಭಾರತಿಗೆ ನಿನ್ನ ಅಮ್ಮ ವೆಂಕಟರತ್ನಮ್ಮ ಬರೆಯುವುದು. ನೀನೂ ಅಳಿಯಂದಿರೂ ಮಕ್ಕಳೂ ನೂರು ಕಾಲ ಬಾಳಬೇಕು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ಈ ಸಲ ಬರೆಯುವುದಿಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ, ದನಕರು ಚೆನ್ನಾಗಿವೆ. ನನಗೆ ನಾಲ್ಕು ದಿನದಿಂದ ಗಂಟಲಲ್ಲಿ ಮುದ್ದೆ ಇಳಿಯುತ್ತಿಲ್ಲ.

ನಿನ್ನ ಕಾಗದ ಶನಿವಾರ ಬಂತು. ಪೋಸ್ಟಿನ ನರಸಿಂಹಪ್ಪ ಎಂದಿನಂತೆ ಓದಿ ಹೇಳಲೇನಮ್ಮ ಅಂದ. ಬೇಡ ಹೋಗಯ್ಯ ಅಂದೆ. ಯಾವಾಗಲೂ ಇನ್‌ಲೆಂಡ್ ಬರೆಯುವವಳು ಗೋಂದು ಹಚ್ಚಿ ಕವರು ಕಳಿಸಿದ್ದೀಯ ಅಂದರೆ ಅದು ಇನ್ನೊಬ್ಬರ ಬಾಯಲ್ಲಿ ಕೇಳುವ ವಿಷಯವಲ್ಲ ಅಂತ ಅಷ್ಟಕ್ಕೇ ಗೊತ್ತಾಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸಿಕೊಂಡು ಓದಿ ಮುಗಿಸುವಷ್ಟರಲ್ಲಿ ಒಲೆ ಆರಿಹೋಗಿತ್ತು. ನಿನ್ನ ಅಕ್ಷರವೂ ಕೋಳಿ ಕೆದರಿದ ಹಾಗಿದೆ, ಅಳುತ್ತಾ ಬರೆದಿದ್ದೀಯ ಅಂತ ಕಾಣುತ್ತದೆ. ಅಳಬೇಡ. ಅತ್ತರೆ ಮಗುವಿಗೆ ಇನ್ನೂ ಭಯ.

ಶ್ಯಾಮಲ ತನ್ನ ಕೈಯಲ್ಲಿ ಊಟ ಮಾಡುತ್ತಿಲ್ಲ, ಹದಿನೈದು ವರ್ಷದ ಹುಡುಗಿಗೆ ನೀನೇ ತುತ್ತು ಇಡುತ್ತಿದ್ದೀಯ ಅಂತ ಬರೆದಿದ್ದೀಯ. ಕೈ ತೊಳೆದೂ ತೊಳೆದೂ ಸೋಪು ಎರಡು ದಿನಕ್ಕೆ ಒಂದು, ಬೆರಳ ಸಂದಿಯೆಲ್ಲ ಬಿರಿದು ರಕ್ತ. ತಮ್ಮ ಅಂಬೆಗಾಲಿಟ್ಟು ಹತ್ತಿರ ಬಂದರೆ ಮಂಚ ಹತ್ತಿ ಗೋಡೆಗೆ ಒತ್ತಿಕೊಳ್ಳುತ್ತಾಳೆ. ಹೋದ ವಾರ ನಿನ್ನನ್ನು ಕೇಳಿದಳಂತೆ, ನಾನು ಇಲ್ಲದಿದ್ದರೆ ತಮ್ಮ ಚೆನ್ನಾಗಿರುತ್ತಾನೆ ಅಲ್ಲವಾ ಅಂತ. ಅಂದಿನಿಂದ ನೀನು ಅವಳನ್ನು ಒಂದು ಗಳಿಗೆಯೂ ಒಂಟಿ ಬಿಟ್ಟಿಲ್ಲ, ಬಚ್ಚಲುಮನೆಯ ಅಗುಳಿಯನ್ನೂ ಕೀಳಿಸಿದ್ದೀಯ. ಆ ಅಗುಳಿಯ ಸಾಲಿನಿಂದ ಮುಂದಕ್ಕೆ ನನಗೆ ಅಕ್ಷರ ಕಾಣಲಿಲ್ಲ. ಎದ್ದು ಹೋಗಿ ಹಸುವಿಗೆ ಸುಮ್ಮನೆ ಎರಡು ಸಲ ನೀರು ಇಟ್ಟು ಬಂದೆ.

ಬೆಂಗಳೂರಿನ ಡಾಕ್ಟರಮ್ಮ ಒಂದು ಮಾತು ಕೇಳಿದ್ದಾರೆ ಅಂತ ಬರೆದಿದ್ದೀಯ. ಬೇಸಿಗೆ ರಜೆಯಲ್ಲಿ ಅಜ್ಜಿ ಊರಿನಲ್ಲಿ ಏನಾಯಿತು? ಹುಡುಗಿ ಹುಳ ಸತ್ತವು ಅಂತ ಮಾತ್ರ ಹೇಳಿ ಬಾಯಿ ಮುಚ್ಚುತ್ತಾಳೆ, ಅದಕ್ಕೆ ಅಜ್ಜಿಯನ್ನೇ ಕರೆದುಕೊಂಡು ಬನ್ನಿ ಅಂದರಂತೆ.

ಹೋದ ಕಾಗದದಲ್ಲಿ ನಾನು ನಿನಗೆ ಏನು ಬರೆದೆ ಅಂತ ನನಗೆ ನೆನಪಿದೆ. ಹುಚ್ಚಾಸ್ಪತ್ರೆ ಮೆಟ್ಟಿಲು ಹತ್ತಿಸಿದ ಹುಡುಗಿಯನ್ನು ಯಾರು ಮದುವೆ ಆಗುತ್ತಾರೆ, ಇನ್ನು ನನ್ನ ಹೊಸಿಲು ತುಳಿಯಬೇಡ ಅಂತ ಬರೆದೆ. ಅಳಿಯಂದಿರು ಪಾಪ, ದಿನಾ ಮಾಲೂರಿನಿಂದ ರೈಲಿನಲ್ಲಿ ಕಾರ್ಖಾನೆಗೆ ಹೋಗುವವರು, ಜೊತೆ ಕೆಲಸದವರನ್ನು ಕೇಳಿ ವಿಚಾರಿಸಿ ಆ ಆಸ್ಪತ್ರೆಗೆ ಕರೆದೊಯ್ದಿದ್ದರು. ಅವರಿಗೆ ತಲೆ ಕೆಟ್ಟಿದೆಯಾ ಅಂತಲೂ ಬರೆದೆ. ಒಂದು ಎಲೆ ಮುಟ್ಟಿಸಿ, ಗಡಿಯಾರ ಇಟ್ಟುಕೊಂಡು ಕಾಲು ಗಂಟೆ ಕೈ ತೊಳೆಯದೆ ಕೂರಿಸಿ, ಎದೆ ಹೊಡೆದುಕೊಳ್ಳುವುದು ತಾನಾಗಿ ಇಳಿಯುವವರೆಗೆ ಪಕ್ಕದಲ್ಲಿ ಕೂತು ಮಾತಾಡಿಸುತ್ತಾರೆ ಅಂದರೆ ಇದೂ ಒಂದು ಔಷಧವಾ ಅಂತ ನಕ್ಕೆ. ನಿಮ್ಮಪ್ಪ ಅಲ್ಲೇ ಹಗ್ಗ ಹೊಸೆಯುತ್ತಾ ಕೂತಿದ್ದವರು, ಬಾಯಿ ತಡೆಯುವ ಡಾಕ್ಟರು ಯಾರಾದರೂ ಇದ್ದರೆ ಮೊದಲು ನಿನ್ನನ್ನು ಕರೆದುಕೊಂಡು ಹೋಗಬೇಕು ಅಂದರು. ನಾನು ಅವರಿಗೆ ಆ ದಿನ ಸಾರು ಬಡಿಸಲಿಲ್ಲ. ಬರೆದದ್ದನ್ನು ಬರೆದಿಲ್ಲ ಅನ್ನುವುದಿಲ್ಲ. ಆ ಕಾಗದ ಇದ್ದರೆ ಒಲೆಗೆ ಹಾಕು.

ಈಗ ಡಾಕ್ಟರಮ್ಮ ಕೇಳಿದ್ದಕ್ಕೆ ಹೇಳುತ್ತೇನೆ.

ಯುಗಾದಿ ಕಳೆದ ಮೇಲೆ ಶ್ಯಾಮಲ ಬಂದಳಲ್ಲ, ಆಗ ನೂರು ಮೊಟ್ಟೆ, ಅಂದರೆ ನಲವತ್ತು ಸಾವಿರ ರೇಷ್ಮೆ ಹುಳ ಮೇಯಿಸುತ್ತಿದ್ದೆವು. ನಾಲ್ಕನೇ ಜ್ವರ ಎದ್ದಿದ್ದವು. ಈ ಜ್ವರ ಕಾಯಿಲೆಯಲ್ಲ, ಹುಳ ಪೊರೆ ಬಿಡುವುದು ಅಂತ ಡಾಕ್ಟರಮ್ಮನಿಗೆ ಬಿಡಿಸಿ ಹೇಳು. ಇನ್ನು ಐದಾರು ದಿನ ಹೊಟ್ಟೆ ತುಂಬ ಸೊಪ್ಪು ಬಿದ್ದರೆ ಹಣ್ಣಾಗಿ ಗೂಡು ಕಟ್ಟಬೇಕು. ಹುಡುಗಿಯ ಕೈ ಹಗುರ. ತಟ್ಟೆಯ ಮೇಲೆ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಒಂದು ಹುಳವೂ ಅಡಿಗೆ ಬೀಳುತ್ತಿರಲಿಲ್ಲ. ನಲವತ್ತು ವರ್ಷದಿಂದ ಹುಳ ಮೇಯಿಸುತ್ತಿದ್ದೇನೆ, ಅಂಥ ಕೈ ಕಂಡಿರಲಿಲ್ಲ. ಅವಳಿಗೆ ಮಾತ್ರ ಅದನ್ನು ಹೇಳಲಿಲ್ಲ. ಹೊಗಳಿದರೆ ಕೆಡುತ್ತಾರೆ ಅಂತ ನನ್ನ ಬುದ್ಧಿ.

ಒಂದು ಬೆಳಿಗ್ಗೆ ಹುಳಗಳು ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸತೊಡಗಿದವು. ಬಾಯಲ್ಲಿ ಹಸಿರು ನೀರು. ಬಿಸಿಲು ಏರುವಷ್ಟರಲ್ಲಿ ತಟ್ಟೆ ತಟ್ಟೆಯೇ ಸೆಟೆದುಕೊಂಡಿತು. ನಿಮ್ಮಪ್ಪ ಮಾವಿನ ವ್ಯಾಪಾರಕ್ಕೆ ಶ್ರೀನಿವಾಸಪುರಕ್ಕೆ ಹೋಗಿದ್ದರು. ಪಕ್ಕದ ಮನೆ ಚಿಕ್ಕಗಂಗಮ್ಮ ಬಂದಳು, ಅವಳ ಹಿಂದೆ ಇನ್ನೂ ನಾಲ್ಕು ಜನ ಹೆಂಗಸರು. ಹುಳದ ಮನೆಯ ಬಾಗಿಲಲ್ಲಿ ನಿಂತು, ಯಾರಾದರೂ ಮೈಲಿಗೆಯವರು ಒಳಗೆ ಬಂದಿದ್ದರಾ ಅಂತ ಕೇಳಿದರು.

ಆಗ ಶ್ಯಾಮಲ ನನ್ನ ಸೆರಗು ಹಿಡಿದು ಎಳೆದಳು. ಬೆಳಗಿನ ಜಾವ ಸೊಪ್ಪು ಹಾಕುವಾಗಲೇ ತಾನು ಹೊರಗಾದೆ, ಹೇಳಿದರೆ ಆಚೆ ಕೊಟ್ಟಿಗೆಯಲ್ಲಿ ಕೂರಿಸುತ್ತೀಯ, ಹುಳ ಗೂಡು ಕಟ್ಟುವುದನ್ನು ನೋಡಲಾಗುವುದಿಲ್ಲ ಅಂತ ಸುಮ್ಮನಿದ್ದೆ ಅಂತ ನನ್ನ ಕಿವಿಯಲ್ಲಿ ಹೇಳಿದಳು. ನನ್ನೊಬ್ಬಳ ಕಿವಿಯಲ್ಲಿ, ಭಾರತಿ. ಬೇರೆ ಯಾರೂ ಅವಳನ್ನು ಕೇಳಿರಲಿಲ್ಲ. ಸುಳ್ಳು ಹೇಳಲು ಬಾರದ ಮಗು.

ನಾನು ಅವಳ ರಟ್ಟೆ ಹಿಡಿದು ಬಾಗಿಲಿಗೆ ಎಳೆದು ತಂದು ಅಷ್ಟೂ ಜನರ ಮುಂದೆ ಹೇಳಿದೆ:

"ಈ ಕೈ ಸೋಕಿದ್ದಕ್ಕೆ ಕಣೇ ಇಷ್ಟು ಜೀವ ಹೋಯ್ತು. ಇನ್ನು ನೀನು ಏನು ಮುಟ್ಟಿದ್ರೂ ಉಳಿಯಲ್ಲ, ನೋಡ್ತಿರು."

ಅಷ್ಟಕ್ಕೇ ಬಿಡಲಿಲ್ಲ. ಸತ್ತ ಹುಳವನ್ನೆಲ್ಲ ಬುಟ್ಟಿಗೆ ತುಂಬಿಸಿ ತಿಪ್ಪೆಯವರೆಗೆ ಅವಳೊಬ್ಬಳಿಂದಲೇ ಹೊರಿಸಿದೆ. ಹನ್ನೊಂದು ಸಲ ಹೋಗಿ ಬಂದಳು. ಆಮೇಲೆ ತೊಟ್ಟಿಯ ಹತ್ತಿರ ಕೂತು ಸಂಜೆಯವರೆಗೆ ಕೈ ತೊಳೆದಳು. ಬುದ್ಧಿ ಬಂತು ಅಂದುಕೊಂಡು ನಾನು ನನ್ನ ಕೆಲಸ ನೋಡಿಕೊಂಡೆ.

ಜೂನಿನಲ್ಲಿ ನೀನು ಅವಳನ್ನು ಮತ್ತೆ ಕರೆದುಕೊಂಡು ಬಂದೆ. ಆಗಲೇ ಪೆನ್ನು ಹಿಡಿಯುವುದು ಬಿಟ್ಟಿದ್ದಳು. ಗಾಳಿ ಸೋಕಿದೆ ಅಂತ ಹೇಳಿದವಳು ನಾನು, ದೆವ್ವ ಬಿಡಿಸುವ ಮುನಿರಾಮಪ್ಪನನ್ನು ಕರೆಸಿದವಳೂ ನಾನು. ಅವನು ಬೇವಿನ ಬರಲು ಹಿಡಿದು ನಿಂತಾಗ ಅವಳ ಎರಡು ಕೈಯನ್ನೂ ಹಿಡಿದುಕೊಂಡವಳು ನಾನೇ. ನೀನು ನೋಡಲಾರದೆ ಆಚೆ ಹೋಗಿದ್ದೆ. ಬರಲಿನ ಏಟು ಬಿದ್ದರೂ ಅವಳು ಅಳಲಿಲ್ಲ. ನಾನು ಹಿಡಿದ ತನ್ನ ಕೈಯನ್ನೇ ನೋಡುತ್ತಾ ಹೇಳಿದಳು:

"ಅಜ್ಜಿ, ಕೈ ಬಿಡು. ನಿಂಗೂ ಏನಾದ್ರೂ ಆಗ್ಬಿಡುತ್ತೆ."

ನೋಡು, ದೆವ್ವವೇ ಬಾಯಿಬಿಟ್ಟು ಹೆದರಿಸುತ್ತಿದೆ ಅಂತ ಮುನಿರಾಮಪ್ಪ ಅಂದ. ನಾನೂ ಹಾಗೇ ನಂಬಿದೆ, ನಿನಗೂ ಹಾಗೇ ಹೇಳಿದೆ. ಈಗ ನಿನ್ನ ಕಾಗದದಲ್ಲಿ ಡಾಕ್ಟರಮ್ಮ ಹೇಳಿದ್ದನ್ನು ಓದಿದ ಮೇಲೆ ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಇವಳಿಗೆ ಹುಚ್ಚಲ್ಲ, ತನ್ನಿಂದ ಯಾರಿಗೋ ಕೆಡುಕಾಗುತ್ತದೆ ಅನ್ನುವ ಭಯದ ಕಾಯಿಲೆ, ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಬರುತ್ತದೆ, ನಿಧಾನವಾಗಿ ಇಳಿಸಬಹುದು ಅಂದರಂತೆ. ಬೇವಿನ ಬರಲಿನ ಕೆಳಗೆ ನಿಂತು ಆ ಮಗು ನನ್ನನ್ನು ಕಾಪಾಡಲು ನೋಡುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಡಾಕ್ಟರಮ್ಮ ಕೇಳಿದ್ದಕ್ಕೆ ಉತ್ತರ ಆಗುತ್ತಿತ್ತು. ಮುದುಕಿ, ಹಳೇ ಕಾಲದವಳು, ಮೈಲಿಗೆ ಮಡಿ ಅಂತ ಏನೋ ಅಂದುಬಿಟ್ಟಳು ಅಂತ ನೀವೆಲ್ಲ ಬಿಟ್ಟುಬಿಡುತ್ತಿದ್ದಿರಿ. ಈ ಕಾಗದವನ್ನು ಬೆಳಿಗ್ಗೆ ಇಲ್ಲಿಗೇ ಮುಗಿಸಿ ಮಡಿಸಿಯೂ ಇಟ್ಟಿದ್ದೆ. ಈಗ ಮತ್ತೆ ಬಿಚ್ಚಿದ್ದೇನೆ.

ಹುಳ ಸತ್ತದ್ದು ಮೈಲಿಗೆಯಿಂದ ಅಲ್ಲ. ಹಿಂದಿನ ದಿನ ಸೊಪ್ಪು ಸಾಲದೆ ಬಂತು. ಮೇಲಿನ ಹೊಲಕ್ಕೆ ಹೋಗಬೇಕಿತ್ತು, ನನಗೆ ಮಂಡಿ ನೋವು. ಬದನೆ ತೋಟಕ್ಕೆ ಅಂಟಿಕೊಂಡ ಬದುವಿನ ಸಾಲಿನಿಂದ ಎರಡು ಹೊರೆ ಕೊಯ್ದು ತಂದೆ. ಬದನೆಗೆ ಔಷಧಿ ಹೊಡೆಸಿ ಮೂರು ದಿನವಾಗಿತ್ತು. ಹದಿನೈದು ದಿನ ಆ ಸಾಲು ಮುಟ್ಟಬೇಡ ಅಂತ ನಿಮ್ಮಪ್ಪ ಎರಡೆರಡು ಸಲ ಹೇಳಿಯೇ ಹೋಗಿದ್ದರು. ಕೊಯ್ಯುವಾಗ ವಾಸನೆ ಬಂತು. ಇಬ್ಬನಿ ಬಿದ್ದಿದೆ, ತೊಳೆದುಹೋಗಿರುತ್ತದೆ ಅಂದುಕೊಂಡೆ. ಬೆಳಿಗ್ಗೆ ಮೊದಲ ಹುಳ ತಲೆ ಎತ್ತಿ ಆಡಿಸಿದಾಗಲೇ ನನಗೆ ಗೊತ್ತಾಯಿತು. ಬಾಗಿಲಲ್ಲಿ ಐದು ಜನ ಹೆಂಗಸರು ನಿಂತಿದ್ದರು. ಹುಳ ಮೇಯಿಸುವುದರಲ್ಲಿ ವೆಂಕಟರತ್ನಮ್ಮನನ್ನು ಕೇಳಬೇಕು ಅಂತ ಊರೆಲ್ಲ ಹೇಳುವ ಕಾಲ. ಅಷ್ಟರಲ್ಲಿ ಆ ಹುಡುಗಿ ಬಂದು ಕಿವಿಯಲ್ಲಿ ತನ್ನ ತಪ್ಪು ಅಂತ ಒಪ್ಪಿಕೊಂಡಳು. ನಾನು ಅದನ್ನು ಎರಡು ಕೈಯಲ್ಲಿ ಬಾಚಿಕೊಂಡೆ. ನಿಮ್ಮಪ್ಪ ಬಂದು ಸೊಪ್ಪು ಎಲ್ಲಿಯದು ಅಂತ ಕೇಳಿದರು. ಮೇಲಿನ ಹೊಲದ್ದು ಅಂದೆ.

ಆ ಹುಡುಗಿಗೆ ನಾನು ಅಂದದ್ದು ಗೊತ್ತಿದ್ದೂ ಹೇಳಿದ ಮಾತು. ಇದನ್ನು ಬರೆಯಲು ನಾಲ್ಕು ತಿಂಗಳು ಬೇಕಾಯಿತು.

ಈಗ ನನ್ನ ಭಯ ಕೇಳು. ನಿಜ ಹೇಳಿಬಿಟ್ಟರೆ ಕಾಯಿಲೆ ಅವತ್ತೇ ಬಿಟ್ಟುಹೋಗುತ್ತದಾ ಅಂತ ಡಾಕ್ಟರಮ್ಮನನ್ನು ಕೇಳು. ಹೋಗುವುದಿಲ್ಲ ಅಂತ ಅವರು ಹೇಳಿದರೆ ಅದನ್ನೂ ಮುಚ್ಚಿಡದೆ ನನಗೆ ಹೇಳು. ಅವಳಿಗೆ ಈ ಮಾತು ಯಾವಾಗ, ಹೇಗೆ ಹೇಳಬೇಕು, ಡಾಕ್ಟರಮ್ಮ ಎದುರಿಗೆ ಇರಬೇಕಾ ಅಂತ ಕೇಳಿ ಇಟ್ಟುಕೋ. ನನಗೆ ನಿಧಾನ ಗೊತ್ತಿಲ್ಲ, ಬಾಯಿ ತೆರೆದರೆ ಬೈಗುಳವೇ ಮೊದಲು ಬರುತ್ತದೆ, ಇನ್ನೊಂದು ಎಡವಟ್ಟು ಮಾಡಿಬಿಡುತ್ತೇನೇನೋ. ಅವಳು ನನ್ನ ಮುಖ ನೋಡುವುದಿಲ್ಲ ಅಂದರೆ ನೋಡುವುದು ಬೇಡ. ಬಾಗಿಲ ಆಚೆ ಕೂತು ಹೇಳುತ್ತೇನೆ. ಅಲ್ಲಿಯವರೆಗೆ ಅವಳನ್ನು ಒಂಟಿ ಬಿಡಬೇಡ. ಅಳಿಯಂದಿರು ಒಂದೆರಡು ದಿನ ರಜೆ ಹಾಕಲಿ, ನೀನೂ ಸ್ವಲ್ಪ ಕಣ್ಣು ಮುಚ್ಚು.

ಬರುವ ಬುಧವಾರ ತೋರಿಸುವ ದಿನ ಅಂತ ಬರೆದಿದ್ದೀಯ. ಮಂಗಳವಾರ ಮುಳಬಾಗಿಲಿನಲ್ಲಿ ಬಸ್ಸು ಹತ್ತಿ ಕೋಲಾರದಲ್ಲಿ ಬದಲಿಸಿ ಸಂಜೆಗೆ ಮಾಲೂರಿಗೆ ಬರುತ್ತೇನೆ. ಸ್ಟ್ಯಾಂಡಿಗೆ ಯಾರೂ ಬರುವುದು ಬೇಡ, ದಾರಿ ಗೊತ್ತು. ಆ ಆಸ್ಪತ್ರೆಯ ಮೆಟ್ಟಿಲು ಮೊದಲು ನಾನು ಹತ್ತುತ್ತೇನೆ, ನನ್ನ ಹಿಂದೆ ಅವಳು ಬರಲಿ. ನೋಡುವವರು ನನ್ನನ್ನು ನೋಡಿಕೊಳ್ಳಲಿ.

ಬಾಯಿ ಕೆಟ್ಟದ್ದಾದರೂ ಹೆತ್ತವಳು,
ವೆಂಕಟರತ್ನಮ್ಮ

ಮರೆತ ಮಾತು, ಶನಿವಾರ:

ಮೂರು ದಿನ ಈ ಕಾಗದವನ್ನು ಡಬ್ಬಕ್ಕೆ ಹಾಕಲು ಧೈರ್ಯ ಬರಲಿಲ್ಲ. ಅಷ್ಟು ಜನರ ಮುಂದೆ ಅಂದ ಮಾತನ್ನು ಕವರಿನಲ್ಲಿ ಮುಚ್ಚಿ ವಾಪಸು ತೆಗೆದುಕೊಂಡರೆ ಆಗುವುದಿಲ್ಲ ಅನ್ನಿಸಿತು. ಇವತ್ತು ಬೆಳಿಗ್ಗೆ ಆ ಐದೂ ಜನರನ್ನು ಕರೆಸಿ, ಅದೇ ಬಾಗಿಲಲ್ಲಿ ನಿಲ್ಲಿಸಿ, ಬದುವಿನ ಸಾಲಿನ ವಿಷಯ ಹೇಳಿದೆ. ನಿಮ್ಮಪ್ಪನೂ ಅಲ್ಲೇ ಇದ್ದರು. ಯಾರೂ ಆಶ್ಚರ್ಯಪಡಲಿಲ್ಲ. ಚಿಕ್ಕಗಂಗಮ್ಮ ಹೇಳಿದಳು:

"ನಮಗೆ ಅವತ್ತೇ ಗೊತ್ತಿತ್ತು ಕಣಕ್ಕ. ಸೊಪ್ಪು ಮೂಗಿಗೆ ಹೊಡೀತಿತ್ತಲ್ಲ. ನಿನ್ ಬಾಯಿಗೆ ಹೆದರ್ಕೊಂಡು ಯಾರೂ ಮಾತಾಡ್ಲಿಲ್ಲ."

ನಿಮ್ಮಪ್ಪನ ಕಡೆ ತಿರುಗಿದೆ. ಕೊಯ್ದ ಸಾಲು ತಮಗೆ ಕಾಣುವುದಿಲ್ಲವಾ ಅಂತ ನೆಲ ನೋಡುತ್ತಾ ಅಂದರು. ಊರಿಗೆಲ್ಲ ಗೊತ್ತಿತ್ತು, ಭಾರತಿ. ಗೊತ್ತಿಲ್ಲದೆ ಇದ್ದವಳು ಆ ಮಗು ಒಬ್ಬಳೇ.