ತ್ರಿಶಂಕುವಿನ ಗಂಟು

ಮೂಡಿಗೆರೆ
ಏಪ್ರಿಲ್ ೯, ೨೦೨೫

ಸ್ವರ್ಗಕ್ಕೆ ಬೇಡವಾದ, ಭೂಮಿಗೆ ಭಾರವಾದ, ಸಮಸ್ತ ಸಿಲ್ವರ್ ಮರಗಳ ಶಿಖರಾಗ್ರ ಚಕ್ರವರ್ತಿ, ಕರಿಮೆಣಸು ಕುಲತಿಲಕ, ಶ್ರೀಮನ್ಮಹಾರಾಜ ತ್ರಿಶಂಕು ಉರುಫ್ ಮಲ್ಲೇಶನ ಪಾದಾರವಿಂದಗಳಿಗೆ, ಅವು ಸದ್ಯ ಕೆಳಗಿವೆ ಎಂಬ ನಂಬಿಕೆಯಿಂದ, ಶಶಿಕಿರಣನ ದೀರ್ಘದಂಡ ನಮಸ್ಕಾರಗಳು.

ಸಂಸೆಯ ನಿನ್ನ ಅಕ್ಕನ ಮನೆಯಲ್ಲಿ ಟವರ್ ಸಿಗುವುದಿಲ್ಲವಾದ್ದರಿಂದ ಈ ದಾಸಾನುದಾಸ ಕಾಗದ ಬರೆದು ಬಸ್ಸಿನ ಕಂಡಕ್ಟರ್ ಕೈಲಿ ಕೊಡುತ್ತಿದ್ದಾನೆ. ಭುಜ ಹೇಗಿದೆ? ಇನ್ನು ಮೆಣಸು ಕೊಯ್ಯಲು ಮರ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರಂತೆ. ಇರಲಿ ಬಿಡು. ತ್ರಿಶಂಕುವಿಗೂ ಮೇಲೆ ಹೋಗುವ ಅಪ್ಪಣೆ ಇರಲಿಲ್ಲ. ಪಾತ್ರ ಮೈಗೆ ಹತ್ತಿತು ಎಂದುಕೊ.

ಶುಭ ಸಮಾಚಾರವೇನೆಂದರೆ, ನಮ್ಮ ನಾಟಕ ಚಿಕ್ಕಮಗಳೂರಿನ ಸ್ಪರ್ಧೆಗೆ ಆಯ್ಕೆಯಾಗಿದೆ. ನಮ್ಮ ಪುರಾಣದ ತಲೆಕೆಳಗಾದ ರಾಜನನ್ನೂ, ಗ್ರೀಕರ ಪುರಾಣದಲ್ಲಿ ಬೆಟ್ಟಕ್ಕೆ ಕಲ್ಲು ಉರುಳಿಸುತ್ತಲೇ ಇರುವ ರಾಜನನ್ನೂ ಒಂದೇ ರಂಗಕ್ಕೆ ತಂದು, ಯಾರ ಬದುಕು ಹೆಚ್ಚು ಅರ್ಥಹೀನ ಎಂದು ವಿಶ್ವನಾಥ್ ಮೇಷ್ಟ್ರು ಜಗಳವಾಡಿಸಿದ್ದು ತೀರ್ಪುಗಾರರಿಗೆ ಬಹಳ ಹಿಡಿಸಿತು. ಕಲ್ಲು ಉರುಳಿಸಲು ಕಲ್ಲೇಶನೇ ಬೇಕೆಂದು ಹಟ ಹಿಡಿದವನು ನಾನು. ಅದನ್ನು ಯಾರೂ ಹೊಗಳಲಿಲ್ಲ.

ಆದರೆ ಅವರ ಕಣ್ಣಲ್ಲಿ ನೀರು ತರಿಸಿದ್ದು ನೀನು. ಬೆಲ್ ಆದ ಕೂಡಲೇ ನಾನು ಕಂಬದ ಗಂಟು ಬಿಚ್ಚಿ, ತಲೆಕೆಳಗಾಗಿ ತೂಗುತ್ತಿದ್ದ ನಿನ್ನನ್ನು ಮೆಲ್ಲಗೆ ಇಳಿಸಬೇಕಿತ್ತು. ಇಳಿಸಲಿಲ್ಲ. ತಮಾಷೆಗೆ, ಮಾರಾಯ. ನಾವು ನಾಟಕ ಆಡಿದ ಗೋಡೌನಿನ ಆ ರಾಟೆಯಲ್ಲಿ ಕಾಫಿ ಮೂಟೆ ನೇತಾಡುವುದನ್ನು ದಿನಾ ನೋಡಿದ್ದೇನೆ. ರಾಜನೊಬ್ಬ ನೇತಾಡುವುದನ್ನು ನೋಡಿರಲಿಲ್ಲ. "ಇಳ್ಸೋ ಶಶಿ, ತಲೆ ಸಿಡೀತಿದೆ!" ಎಂದು ಕೂಗಿದೆಯಲ್ಲ, ಆಕಾಶದಲ್ಲಿ ಸಿಕ್ಕಿಕೊಂಡವನು ಚಂದ್ರನನ್ನು ಬೇಡುತ್ತಿದ್ದಾನೆ ಎಂದು ತೀರ್ಪುಗಾರರು ಬರೆದುಕೊಂಡರು. ಅದು ಯಾವ ಪುಟದ ಮಾತೆಂದು ತಿಳಿಯದ ಕಲ್ಲೇಶ ಬೆವರು ಒರೆಸಿಕೊಂಡು, "ಇಳಿದು ಎಲ್ಲಿಗ್ ಹೋಗ್ತೀಯ ಮಾರಾಯ, ಇಲ್ಲೂ ಬರೀ ಕಲ್ಲೇ" ಎಂದುಬಿಟ್ಟ. ತೀರ್ಪುಗಾರರು ಅದನ್ನೂ ಬರೆದುಕೊಂಡರು.

ಮುಂದಿನ ಸಾಲಿನಲ್ಲಿದ್ದ ನಿನ್ನ ಅವ್ವ ನಂಜಮ್ಮನವರು ಎದ್ದು, "ಅಯ್ಯೋ, ಆಟ ಅಲ್ಲ ಕಣ್ರೋ, ನನ್ ಮಗನ್ನ ಇಳಿಸ್ರೋ!" ಎಂದು ಎದೆ ಬಡಿದುಕೊಂಡರು. ಪ್ರೇಕ್ಷಕರ ನಡುವೆ ಪಾತ್ರವನ್ನು ಕೂರಿಸುವುದು ಆಧುನಿಕ ರಂಗಭೂಮಿಯ ತಂತ್ರವಂತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗಲೇ ನೀನು ಬಿದ್ದೆ.

ಗಂಟು ಜಾರಿತು ಎಂದು ಎಲ್ಲರಿಗೂ ಹೇಳಿದವನು ನಾನು. ಗಂಟು ಹಾಕಿದವನು ನೀನೇ ತಾನೆ? ಆಸ್ಪತ್ರೆಯಲ್ಲಿ ನೀನು ಎಡಗೈಯಿಂದ ನನ್ನ ಕೈ ಹಿಡಿದು, "ನನ್ ಗಂಟು ಯಾವತ್ತೂ ಜಾರಿದ್ದಿಲ್ಲ ಕಣೋ. ನಿಮ್ಮೆಲ್ಲರ ನಾಟಕ ಹಾಳ್ಮಾಡ್ದೆ, ಬೇಜಾರ್ ಮಾಡ್ಕಬೇಡ" ಎಂದೆ. ನಾನು ಕ್ಷಮಿಸಿದೆ. ನನ್ನದು ದೊಡ್ಡ ಮನಸ್ಸು.

ಈಗ ತ್ರಿಶಂಕು ನಾನು. ಬೀಳುವ ದೃಶ್ಯವನ್ನು ಮಾತ್ರ ಬಿಡಬಾರದೆಂದು ತೀರ್ಪುಗಾರರ ಆಜ್ಞೆ. ಅದಕ್ಕಾಗಿ ಕೆಳಗೆ ಎರಡು ಹಾಸಿಗೆ ಹಾಸುತ್ತಾರೆ. ನಿನಗೆ ಹಾಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ ನೋಡು. ನಿನ್ನೆ ಕಲ್ಲೇಶ ಹಾಕಿದ ಗಂಟನ್ನು ನಂಬಿ ನಾಲ್ಕಡಿ ಮೇಲೆ ಹೋದೆ. ಐದನೇ ಅಡಿಗೆ ಕಿರುಚಿದೆ. ಗಂಟು ಹಾಕಲು ನೀನೇ ಬರಬೇಕು. ಒಂದೇ ಕೈಯಾದರೂ ಪರವಾಗಿಲ್ಲ, ಹಲ್ಲಿನಿಂದ ಕಚ್ಚಿ ಎಳೆ. "ಜಾರುವ ಗಂಟು ಹಾಕಿದವನನ್ನೇ ಯಾಕೋ ಕರೀತೀಯ?" ಎಂದು ಮೇಷ್ಟ್ರು ಕೇಳಿದರು. ನಾನು ಚಹಾ ಕುಡಿಯಲು ಹೋದೆ.

ಇಂತಿ, ನಿನ್ನ ಜಾಗದಲ್ಲಿ ತೂಗಲಿರುವ,
ಶಶಿಕಿರಣ

ಮರೆತ ಮಾತು: ನಿನ್ನ ಗಂಟು ಜಾರಲಿಲ್ಲ. ನಿನ್ನ ಅವ್ವ ಕೂಗಿದಾಗ ಇಳಿಸೋಣವೆಂದು ನಾನೇ ಬಿಚ್ಚಿದ್ದೆ. ಹಗ್ಗ ನನ್ನ ಕೈಯಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಎರಡೂ ಕೈಯಲ್ಲಿ.